ಹುಲಿರಾಯನ ಫ್ಯಾಷನ್ ಪರೇಡು

ಬೆಂಗಳೂರಿನ ಯುವಕನೊಬ್ಬ ಇನ್ನು ಮೇಲೆ ತಾನು ಛಾಯಾಗ್ರಾಹಕನೆಂದು ಮನೆಯಲ್ಲಿ ಘೋಷಿಸಿದನೆಂದರೆ, ಅವನು ಆರಿಸಿಕೊಳ್ಳುವ ಕ್ಷೇತ್ರಗಳು ಸಾಮಾನ್ಯವಾಗಿ ಎರಡು: ಒಂದು ಫ್ಯಾಷನ್, ಇನ್ನೊಂದು ವನ್ಯಜೀವಿ. ಮದುವೆ, ನಾಮಕರಣ, ಸೀಮಂತಗಳಿಂದಲೇ ಈ ಕಸುಬಿನವರ ಒಲೆ ಉರಿಯುತ್ತದೆಯಾದರೂ ಆ ಸಂಗತಿಯನ್ನು ಇನ್‌ಸ್ಟಾಗ್ರಾಂ ಪರಿಚಯದ ಸಾಲಿನಲ್ಲಿ ಬರೆದುಕೊಳ್ಳಲು ಯಾರೂ ಒಪ್ಪುವುದಿಲ್ಲ. ಉಡುಗೆಗೂ ಕಾಡಿಗೂ ಎತ್ತಣಿಂದೆತ್ತ ಸಂಬಂಧವೆಂದು ಮನೆಯ ಹಿರಿಯರು ಕೇಳಬಹುದು. ಕಬಿನಿಯ ಕಡೆಗೆ ಒಮ್ಮೆ ಸಫಾರಿಗೆ ಹೋಗಿ ಬಂದರೆ ಅವರ ಸಂದೇಹ ತೀರುತ್ತದೆ: ಫ್ಯಾಷನ್ ಇರುವುದು ಜೀಪಿನ ಒಳಗೆ, ವನ್ಯಜೀವಿ ಇರುವುದು ಜೀಪಿನ ಹೊರಗೆ, ಮತ್ತು ಬಹುಪಾಲು ಚಿತ್ರಗಳು ತೆಗೆಯಲ್ಪಡುವುದು ಒಳಗಿನವರದೇ.

ಹೊಸಬನ ಮೊದಲ ಕೃತಿ ಚಿತ್ರವಲ್ಲ, ವಾಟರ್‌ಮಾರ್ಕು. ತನ್ನ ಹೆಸರಿನ ಮುಂದೆ ‘ಫೋಟೋಗ್ರಫಿ’ ಎಂದೋ ‘ಕ್ಲಿಕ್ಸ್’ ಎಂದೋ ಸೇರಿಸಿ, ಚಿತ್ರದ ಮೇಲೆ ಒತ್ತುವ ಆ ಮುದ್ರೆಯನ್ನು ಓದಲಾಗದ ಬಾಗುಬರಹದಲ್ಲಿ ವಿನ್ಯಾಸ ಮಾಡಿಸಿಕೊಂಡ ಮೇಲೆಯೇ ಅವನು ಕ್ಯಾಮೆರಾದ ಅಂಗಡಿಗೆ ಹೋಗುತ್ತಾನೆ. ಎರಡನೆಯದು ಉಡುಪು. ಎಲೆ, ರೆಂಬೆ, ತೊಗಟೆಗಳನ್ನು ಅಚ್ಚೊತ್ತಿದ ಅಂಗಿ, ಅದಕ್ಕೊಪ್ಪುವ ಟೋಪಿ, ಅದೇ ನಮೂನೆಯ ಗವಸು, ಲೆನ್ಸಿಗೂ ಅದೇ ಬಟ್ಟೆಯ ಹೊದಿಕೆ. ಕಾಡಿನಲ್ಲಿ ಮರೆಯಾಗುವ ಈ ವಿದ್ಯೆಯನ್ನು ಹುಲಿಯೂ ಬಲ್ಲದು. ಜಿಂಕೆಯ ಕಣ್ಣಿಗೆ ಕೆಂಪು ಮತ್ತು ಹಸಿರಿನ ಭೇದ ತಿಳಿಯದ ಕಾರಣ, ನಮಗೆ ಉರಿಯುವಂತೆ ಕಾಣುವ ಆ ಕಿತ್ತಳೆ ಮೈ ಅದಕ್ಕೆ ಸುತ್ತಲಿನ ಗಿಡಗಂಟಿಯ ಬಣ್ಣವಾಗಿಯೇ ತೋರುತ್ತದೆ. ಆದರೆ ಹುಲಿ ಹೊಂಚು ಹಾಕುವಾಗ ಡೀಸೆಲ್ ಎಂಜಿನ್ನಿನ ಮೇಲೆ ಕುಳಿತಿರುವುದಿಲ್ಲ, ಸುಗಂಧದ್ರವ್ಯ ಪೂಸಿಕೊಂಡಿರುವುದಿಲ್ಲ, ಚಿಪ್ಸಿನ ಪೊಟ್ಟಣ ಬಿಚ್ಚುವುದಿಲ್ಲ ಎಂಬುದಷ್ಟೇ ಸಣ್ಣ ವ್ಯತ್ಯಾಸ.

ಮೂರನೆಯದು ಲೆನ್ಸು, ಇದರ ಮುಂದೆ ಮಿಕ್ಕದ್ದೆಲ್ಲ ಗೌಣ. ದೂರದ್ದನ್ನು ಹತ್ತಿರ ತೋರಿಸುವ 600 ಮಿಲಿಮೀಟರಿನ, ಮಬ್ಬಿನಲ್ಲೂ ಸಾಕಷ್ಟು ಬೆಳಕು ಹಿಡಿಯುವ ಎಫ್/4 ದರ್ಜೆಯ ಹೊಸ ಲೆನ್ಸೊಂದರ ಬೆಲೆ ಹತ್ತು ಲಕ್ಷ ರೂಪಾಯಿಯನ್ನು ದಾಟುತ್ತದೆ, ತೂಕ ಸುಮಾರು ಮೂರು ಕಿಲೋ. ಕಾರಿನ ಸಾಲ ಇನ್ನೂ ತೀರದ ಸಾಫ್ಟ್‌ವೇರ್ ಇಂಜಿನಿಯರು ಇದನ್ನು ಕಂತಿನಲ್ಲಿ ಕೊಂಡು, ಹೆಂಡತಿಗೆ ಬೆಲೆಯಲ್ಲಿ ಒಂದು ಸೊನ್ನೆ ಕಡಿಮೆ ಹೇಳಿ, ಮಗುವನ್ನು ಎತ್ತಿಕೊಳ್ಳುವುದಕ್ಕಿಂತ ಹೆಚ್ಚಿನ ಜೋಪಾನದಿಂದ ಅದನ್ನು ಎತ್ತಿಕೊಳ್ಳುತ್ತಾನೆ. ಸಫಾರಿಗೆ ಹೊರಟರೆ ಹಲವು ಕಡೆ ಟಿಕೆಟಿನ ಜೊತೆಗೆ ಕ್ಯಾಮೆರಾಕ್ಕೆ ಪ್ರತ್ಯೇಕ ಶುಲ್ಕವುಂಟು, ಲೆನ್ಸಿನ ಉದ್ದ ಹೆಚ್ಚಿದಂತೆ ಶುಲ್ಕವೂ ಹೆಚ್ಚುತ್ತದೆ. ದೂರದಿಂದಲೇ ಚಿತ್ರ ತೆಗೆಯಬಲ್ಲವನಿಗೆ ಹೆಚ್ಚು ದಂಡ, ಹತ್ತಿರ ನುಗ್ಗಲೇಬೇಕಾದ ಮೊಬೈಲಿನವನಿಗೆ ರಿಯಾಯಿತಿ ಎಂಬ ಈ ನೀತಿಯನ್ನು ರೂಪಿಸಿದವರ ಮುಂದಾಲೋಚನೆಗೆ ತಲೆಬಾಗಲೇಬೇಕು.

2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ, ಮಧ್ಯಪ್ರದೇಶವನ್ನು ಬಿಟ್ಟರೆ ನಮ್ಮಲ್ಲೇ ಹೆಚ್ಚು. ಇವುಗಳಲ್ಲಿ ಜೀಪಿನ ದಾರಿಗೆ ಬಂದು ದರ್ಶನ ಕೊಡುವ ಕೆಲವೇ ಹುಲಿಗಳು ಇಡೀ ರಾಜ್ಯದ ಹವ್ಯಾಸವನ್ನು ಹೊತ್ತಿವೆ. ಜಿಂಕೆಯ ಎಚ್ಚರಿಕೆಯ ಕೂಗು ಕೇಳಿದೊಡನೆ ನಾಲ್ಕಾರು ಗಾಡಿಗಳು ಒಂದೇ ತಿರುವಿಗೆ ಓಡಿಬರುತ್ತವೆ, ಮಾತೆಲ್ಲ ನಿಲ್ಲುತ್ತದೆ, ಲೆನ್ಸಿಗೆ ಆಸರೆಯಾಗುವ ಬೀನ್ ಬ್ಯಾಗುಗಳು ಜೀಪಿನ ಕಂಬಿಯ ಮೇಲೆ ಏರುತ್ತವೆ. ಲಂಟಾನದ ಪೊದೆಯಿಂದ ಹುಲಿ ಹೊರಬಂದು, ಈ ಸಂತೆಯನ್ನು ಒಮ್ಮೆ ನೋಡಿ, ಅಲ್ಲೇ ಮಲಗಿಬಿಡುತ್ತದೆ. ಆಗ ಶುರುವಾಗುತ್ತದೆ ಪಿಸುಮಾತಿನ ನಿರ್ದೇಶನ.

“ಅಣ್ಣಾ, ಒಂದಡಿ ಹಿಂದಕ್ಕೆ ತಗೊಳ್ಳಿ, ಕಣ್ಣಿಗೆ ಕಡ್ಡಿ ಅಡ್ಡ ಬರ್ತಿದೆ.”

“ಹಿಂದೆ ಮೂರು ಗಾಡಿ ನಿಂತವೆ ಸಾ, ಎಲ್ಲಿಗೆ ತಗೊಳ್ಳಾದು?”

“ಹಾಗಾದ್ರೆ ಸ್ವಲ್ಪ ಸದ್ದು ಮಾಡಿ ಅಣ್ಣಾ, ಈ ಕಡೆ ತಿರುಗ್ಲಿ.”

ಸದ್ದು ಮಾಡಬಾರದೆಂದು ಪ್ರವೇಶದ್ವಾರದಲ್ಲಿ ಆಳೆತ್ತರದ ಫಲಕವಿದೆ, ಆ ಫಲಕದ ಮುಂದೆ ನಿಂತೇ ಎಲ್ಲರೂ ಸೆಲ್ಫಿ ತೆಗೆದುಕೊಂಡು ಬಂದಿರುತ್ತಾರೆ. ಹುಲಿ ಆಕಳಿಸುತ್ತದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದ ಹಿಂದಿನ ತಲೆಮಾರಿನ ವನ್ಯಜೀವಿ ಛಾಯಾಗ್ರಾಹಕರು ಕಾಡು ತಿರುಗುತ್ತಿದ್ದ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರಗಳು ಸಿಗುತ್ತಿದ್ದವು. ಸೆಕೆಂಡಿಗೆ 20 ಚಿತ್ರ ಹೊಡೆಯುವ ಇಂದಿನ ಕ್ಯಾಮೆರಾ ಆ ರೀಲನ್ನು ಎರಡು ಸೆಕೆಂಡಿನೊಳಗೆ, ಒಂದೇ ಆಕಳಿಕೆಯ ಮೇಲೆ, ಮುಗಿಸಿಬಿಡುತ್ತದೆ. ಸಂಜೆಯ ಹೊತ್ತಿಗೆ ಆ ಆಕಳಿಕೆ ಜಾಲತಾಣದಲ್ಲಿ ‘ಘರ್ಜನೆ’ಯಾಗಿ ಪ್ರಕಟವಾಗುತ್ತದೆ. ಬೇರೊಂದು ಹುಲಿಯ ಮೂತ್ರದ ವಾಸನೆಯನ್ನು ಆಘ್ರಾಣಿಸಲು ಅದು ಮೇಲ್ದುಟಿಯನ್ನು ಎತ್ತಿ ಮುಖ ಸೊಟ್ಟಗೆ ಮಾಡಿದ್ದರೆ, ಶೀರ್ಷಿಕೆ ‘ನಗುತ್ತಿರುವ ವನರಾಜ’ ಎಂದಾಗುತ್ತದೆ, ಕೆಳಗೆ ಐವತ್ತು ಹೃದಯಗಳು ಬೀಳುತ್ತವೆ.

ವಾರದ ಮಧ್ಯೆ ಇದೇ ಯುವಕ ಫ್ಯಾಷನ್ನಿನ ಕಡೆ ಹೊರಳುತ್ತಾನೆ. ಅಲ್ಲಿ ‘ಕೊಲಾಬ್’ ಎಂಬ ಆರ್ಥಿಕ ವ್ಯವಸ್ಥೆಯೊಂದು ಚಾಲ್ತಿಯಲ್ಲಿದೆ: ರೂಪದರ್ಶಿಗೆ ಹಣವಿಲ್ಲ, ಮೇಕಪ್ಪಿನವರಿಗೆ ಹಣವಿಲ್ಲ, ಛಾಯಾಗ್ರಾಹಕನಿಗೆ ಹಣವಿಲ್ಲ, ಆದರೆ ಎಲ್ಲರೂ ಎಲ್ಲರ ಹೆಸರನ್ನೂ ಟ್ಯಾಗ್ ಮಾಡಿ ಋಣಮುಕ್ತರಾಗುತ್ತಾರೆ. ಕೊಲಾಬೂ ಕುದುರದಿದ್ದರೆ ಶುಲ್ಕ ಕಟ್ಟಿ ಗುಂಪಿನ ಮಾಡೆಲ್ ಶೂಟಿಗೆ ಸೇರಬಹುದು. ಹನ್ನೆರಡು ಮಂದಿ ಒಬ್ಬ ಹುಡುಗಿಯನ್ನು ಅರ್ಧವೃತ್ತದಲ್ಲಿ ಸುತ್ತುವರಿದು, “ಮೇಡಂ, ಈ ಕಡೆ” ಎಂದು ಹನ್ನೆರಡು ಕಡೆಯಿಂದ ಕೂಗುವಾಗ ಆಕೆಯ ಮುಖದಲ್ಲಿ ಮೂಡುವ ಭಾವವನ್ನು ಕಬಿನಿಗೆ ಹೋಗಿ ಬಂದವರು ಕೂಡಲೇ ಗುರುತಿಸಬಲ್ಲರು. (ಆಕಳಿಸುವ ಸ್ವಾತಂತ್ರ್ಯ ಮಾತ್ರ ಆಕೆಗಿಲ್ಲ.)

ಈ ಎರಡು ಕಲೆಗಳ ಬೆಸುಗೆ ನಮ್ಮವರದೇ ಆವಿಷ್ಕಾರವೆಂದು ಬೀಗುವಂತೆಯೂ ಇಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2009ರ ಅಗ್ರಪ್ರಶಸ್ತಿ ಬೇಲಿ ಜಿಗಿಯುವ ತೋಳದ ಚಿತ್ರಕ್ಕೆ ಸಂದಿತ್ತು. ಅದು ಬಾಡಿಗೆಗೆ ಸಿಗುವ ಪಳಗಿದ ತೋಳವಿರಬಹುದೆಂಬ ತೀರ್ಮಾನಕ್ಕೆ ಬಂದ ತೀರ್ಪುಗಾರರು 2010ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಂಡರು. ಛಾಯಾಗ್ರಾಹಕ ಆರೋಪವನ್ನು ಒಪ್ಪಲಿಲ್ಲ. ಅದೇ ಸ್ಪರ್ಧೆಯಲ್ಲಿ 2017ರಲ್ಲಿ ಬಹುಮಾನ ಪಡೆದಿದ್ದ ಬ್ರೆಜಿಲ್ಲಿನ ಇರುವೆಬಾಕದ ಚಿತ್ರವನ್ನು, ಆ ಪ್ರಾಣಿ ಸಂದರ್ಶಕರ ಕೇಂದ್ರದಲ್ಲಿಟ್ಟಿದ್ದ ಹುಲ್ಲು ತುಂಬಿದ ಮಾದರಿಯೇ ಇರಬೇಕೆಂದು, ಮರುವರ್ಷ ಅನರ್ಹಗೊಳಿಸಲಾಯಿತು; ಅಲ್ಲಿಯೂ ನಿರಾಕರಣೆಯೇ ಉತ್ತರ. ತೋಳವಾದರೆ ವೃತ್ತಿಪರ ಮಾಡೆಲ್, ಇರುವೆಬಾಕವಾದರೆ ಬಟ್ಟೆಯಂಗಡಿಯ ಗೊಂಬೆ ಎಂದಾದ ಮೇಲೆ, ತೊಟ್ಟಿಯಲ್ಲಿ ಮೀನು ಬಿಟ್ಟು ಮಿಂಚುಳ್ಳಿಯನ್ನು ಕರೆಸುವ, ಮೊಬೈಲಿನಲ್ಲಿ ಹೆಣ್ಣುಹಕ್ಕಿಯ ದನಿ ನುಡಿಸಿ ಗಂಡನ್ನು ಕೊಂಬೆಗೆ ಇಳಿಸುವ ನಮ್ಮ ಹುಡುಗರನ್ನು ಬರೀ ಆರಂಭಿಕರೆಂದು ಮನ್ನಿಸಬೇಕಾಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮು ಅಭಯಾರಣ್ಯದೊಳಗೆ ಬಿಡಲು ಯಾವ ಕಾರಣಗಳಿಗೆ ಅನುಮತಿ ಕೊಡಬಹುದೆಂಬ ಪಟ್ಟಿಯಲ್ಲಿ ಅಧ್ಯಯನ, ಸಂಶೋಧನೆ, ಪ್ರವಾಸೋದ್ಯಮಗಳ ಜೊತೆ ಛಾಯಾಗ್ರಹಣವನ್ನೂ ಹೆಸರಿಸಿದೆ. ಗುರುವಾಗುವುದಕ್ಕೆ ಮಾತ್ರ ಯಾವ ಕಲಮಿನ ಅನುಮತಿಯೂ ಬೇಕಿಲ್ಲವಾದ್ದರಿಂದ, ಮೊದಲ ಆಕಳಿಕೆ ಸಿಕ್ಕ ಆರು ತಿಂಗಳೊಳಗೆ ನಮ್ಮ ಹೊಸಬ ‘ಬೇಸಿಕ್‌ನಿಂದ ಅಡ್ವಾನ್ಸ್ಡ್‌ವರೆಗೆ’ ಎಂಬ ಎರಡು ದಿನದ ಕಾರ್ಯಾಗಾರವನ್ನು ಪ್ರಕಟಿಸುತ್ತಾನೆ. ಭಿತ್ತಿಪತ್ರದ ಮಧ್ಯದಲ್ಲಿ ಲೆನ್ಸನ್ನು ಹೆಗಲಿಗೇರಿಸಿ ದಿಗಂತವನ್ನು ದಿಟ್ಟಿಸುತ್ತಿರುವ ಅವನದೇ ಚಿತ್ರವಿರುತ್ತದೆ, ಹುಲಿ ಕೆಳಮೂಲೆಯಲ್ಲಿ ವಾಟರ್‌ಮಾರ್ಕಿನ ಅಡಿಯಲ್ಲಿ ಎಲ್ಲೋ ಇರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಷರತ್ತುಗಳು: ಊಟ ವಸತಿ ಸೇರಿದೆ, ಹಸಿರು ಅಥವಾ ಮಣ್ಣಿನ ಬಣ್ಣದ ಉಡುಪು ಕಡ್ಡಾಯ, ಹುಲಿ ಕಾಣುವ ಭರವಸೆ ಇಲ್ಲ, ಜೀಪಿನ ಮುಂದೆ ಗುಂಪಿನ ಚಿತ್ರ ಮತ್ತು ಪ್ರಮಾಣಪತ್ರ ಖಂಡಿತ.