ಸುಣ್ಣದ ಗೋಡೆಗೆ ಸಿಮೆಂಟಿನ ಅಂಗಿ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಹಳೆಯ ಕಲ್ಲುಮನೆ ನೋಡಲು ಗಿಡ್ಡ. ಒಂದು ಕೋಣೆಯಷ್ಟೇ ಅಗಲ, ಸಾಲಾಗಿ ಎರಡೋ ಮೂರೋ ಕೋಣೆ, ಅಂಗೈಯಗಲದ ಕಿಟಕಿ. ಗೋಡೆ ಮಾತ್ರ ಸುಮಾರು ಎರಡಡಿ ದಪ್ಪ. ಅಷ್ಟೂ ಕಲ್ಲೇ ಎಂದುಕೊಂಡರೆ ಮೋಸಹೋದಿರಿ. ಒಳಗೊಂದು ಸಾಲು, ಹೊರಗೊಂದು ಸಾಲು ಕಲ್ಲು; ಹೊಟ್ಟೆಯಲ್ಲಿ ಜಲ್ಲಿ, ಮಣ್ಣು, ಸುಣ್ಣ. ಮಳೆ ಬಂದರೆ ಗೋಡೆ ನೀರು ಕುಡಿಯುತ್ತದೆ, ಗಾಳಿ ಬೀಸಿದರೆ ಬಿಡುತ್ತದೆ. ಒಳಗೆ ಒಲೆಯಲ್ಲಿ ಪೀಟ್ (ಜೌಗುನೆಲದಿಂದ ಕಡಿದು ಒಣಗಿಸಿದ ಉರುವಲು) ಉರಿಯುತ್ತಿದ್ದಷ್ಟು ದಿನ ಈ ವ್ಯವಹಾರ ಸರಿಯಾಗಿಯೇ ನಡೆದಿತ್ತು.

ಕೆಟ್ಟದ್ದು ರಿಪೇರಿಯಿಂದ. ಮನೆ ಗಟ್ಟಿಯಾಗಲಿ ಎಂದು ಹೊರಗೆ ಸಿಮೆಂಟ್ ಗಿಲಾವು ಮೆತ್ತಿಸಿದರು. ಇಂಥ ಗೋಡೆ ಸ್ವಲ್ಪ ಅಲುಗುವಂಥದ್ದು. ಸಿಮೆಂಟಿಗೆ ಬಾಗಿ ಗೊತ್ತಿಲ್ಲ, ಕೂದಲೆಳೆಯಷ್ಟು ಸೀಳುತ್ತದೆ. ಆ ಸೀಳಲ್ಲಿ ನುಗ್ಗಿದ ನೀರು ವಾಪಸ್ ದಾರಿಯಿಲ್ಲದೆ ಕೋಣೆಯ ಕಡೆ ತಿರುಗುತ್ತದೆ. ಬೂಷ್ಟು ಬರುತ್ತದೆ, ಗೋಡೆಯೊಳಗಿನ ತೊಲೆಯ ತುದಿ ಲಡ್ಡಾಗುತ್ತದೆ. ಆಮೇಲೆ ವಾಟರ್‌ಪ್ರೂಫ್ ಪೇಂಟು! ಬೆವರುವವನಿಗೆ ರೈನ್‌ಕೋಟ್ ತೊಡಿಸಿದ ಹಾಗೆ.

ಸರಿಪಡಿಸಲು ಮೊದಲು ಬೇಕಾದದ್ದು ಕರಣೆಯಲ್ಲ, ಗುದ್ದಲಿ. ವರ್ಷಾನುವರ್ಷ ಹೊರಗಿನ ಮಣ್ಣು ಏರಿರುತ್ತದೆ. ಒಳಗಿನ ನೆಲಕ್ಕಿಂತ 15-20 ಸೆಂ.ಮೀ. ಕೆಳಗಿಳಿಸಬೇಕು. ಹುಷಾರು, ಹೆಚ್ಚಿನ ಮನೆಗಳಿಗೆ ಹೆಸರಿಗೂ ಅಡಿಪಾಯವಿರುವುದಿಲ್ಲ, ಬುಡಕ್ಕಿಂತ ಆಳಕ್ಕೆ ತೋಡಿದರೆ ಗೋಡೆಯೇ ಹೊರಕ್ಕೆ ಬರುತ್ತದೆ. ಗೋಡೆಗೆ ಹಬ್ಬಿದ ಐವಿ ಬಳ್ಳಿಯನ್ನೂ ಹಸಿಯಾಗಿ ಕೀಳಬಾರದು, ಕಲ್ಲೂ ಜತೆಗೆ ಬರುತ್ತದೆ. ಬುಡ ಕತ್ತರಿಸಿ ಒಣಗಲು ಬಿಡಬೇಕು.

ಸಿಮೆಂಟನ್ನು ಉಳಿ, ಸುತ್ತಿಗೆಯಲ್ಲೇ ತೆಗೆಯಬೇಕು; ಕೊಯ್ಯುವ ಗ್ರೈಂಡರ್ ಯಂತ್ರ ಕಲ್ಲಿನ ಅಂಚು ತಿನ್ನುತ್ತದೆ. ಸಂದುಗಳನ್ನು ಕನಿಷ್ಠ ಒಂದಿಂಚು ಕೆರೆದು, ದೂಳು ಗುಡಿಸಿ, ನೀರು ಚಿಮುಕಿಸಬೇಕು. ಒಣಕಲ್ಲು ಗಾರೆಯ ನೀರು ಹೀರಿದರೆ ಗಾರೆ ಪುಡಿಯಾಗುತ್ತದೆ. ಗಾರೆಗೆ, ಒಂದು ಪಾಲು 3.5 ದರ್ಜೆಯ ಹೈಡ್ರಾಲಿಕ್ ಸುಣ್ಣಕ್ಕೆ (ನೀರು ಸೇರಿದರೆ ತಾನೇ ಗಟ್ಟಿಯಾಗುವ ಸುಣ್ಣ) ಎರಡೂವರೆ ಪಾಲು ಒರಟು ಮರಳು. ಉಂಡೆ ಕಟ್ಟಿದರೆ ನಿಲ್ಲಬೇಕು, ಅಷ್ಟು ಗಟ್ಟಿ. ದೊಡ್ಡ ಸಂದಿಗೆ ಗಾರೆಯನ್ನೇ ಸುರಿಯದೆ ಚೂರುಕಲ್ಲು ಕುಟ್ಟಿ ಕೂರಿಸಬೇಕು. ಅರೆಗಟ್ಟಿಯಾದಾಗ ಬಿರುಸು ಬ್ರಷ್ಷಿನಿಂದ ತಟ್ಟಿ, ಮೇಲೆ ಒದ್ದೆ ಗೋಣಿತಾಟು ಇಳಿಬಿಡಬೇಕು. 5 ಡಿಗ್ರಿಗಿಂತ ಚಳಿಯಲ್ಲಿ ಸುಣ್ಣ ಕೂರುವುದಿಲ್ಲ. ಹಿಮ ಬಿದ್ದರಂತೂ ಉದುರುತ್ತದೆ. ಹಾಗಾಗಿ ಚಳಿಗಾಲ ರಜ.

ಸಿಕ್ಕಿಬಿದ್ದ ತೇವ ಒಣಗಲು ಇಂಚಿಗೊಂದು ತಿಂಗಳು ಎಂಬುದು ರೂಢಿಯ ಲೆಕ್ಕ. ಎರಡಡಿ ಗೋಡೆಗೆ ಎರಡು ವರ್ಷವಾಯಿತು. ಪಾಳುಮನೆಗೆ ಅಲ್ಲಿನ ಸರ್ಕಾರ 2023ರಿಂದ 70,000 ಯೂರೋವರೆಗೆ ಸಹಾಯಧನ ಕೊಡುತ್ತದೆ, ಅದೂ ಕೆಲಸ ಮುಗಿದ ಮೇಲೆ. ಒಟ್ಟಿನಲ್ಲಿ ಎಲ್ಲರೂ ಕಾಯಿಸುವವರೇ.

ಕಲ್ಲು ಚೆಂದ ಕಾಣಲಿ ಎಂದು ಗೋಡೆಯನ್ನು ಬೆತ್ತಲೆ ಬಿಡುವ ಶೋಕಿ ಈಗ ಜಾಸ್ತಿ. ಅಟ್ಲಾಂಟಿಕ್ ಮಳೆ ಅಡ್ಡಡ್ಡ ಬಡಿಯುವಲ್ಲಿ ಇದು ಶುದ್ಧ ದಡ್ಡತನ. ಹಾಲಿನಷ್ಟು ತೆಳ್ಳಗೆ ಕಲಸಿದ ಸುಣ್ಣವನ್ನು ನಾಲ್ಕೈದು ಸಲ ಬಳಿಯಬೇಕು. ದಪ್ಪ ಬಳಿದರೆ ಹಕ್ಕಳೆ ಏಳುತ್ತದೆ. ಹಬ್ಬಕ್ಕೆ ಮನೆಗೆ ಸುಣ್ಣ ಬಳಿದವರಿಗೆ ಮುಂದಿನದು ಗೊತ್ತು: ಬಳಿದಾಗ ಬರೀ ನೀರು ಸವರಿದ ಹಾಗಿರುತ್ತದೆ, ಬೆಳಗ್ಗೆ ಎದ್ದು ನೋಡಿದರೆ ಬೆಳ್ಳಗೆ.