ಎಂಜಿನ್‌ಗಿಂತ ಮೊದಲು ಹಳಿ, ಹಳಿಗಿಂತ ಮೊದಲು ಚರಂಡಿ

ಪಾರಂಪರಿಕ ರೈಲು ಮಾರ್ಗಗಳನ್ನು ನಡೆಸುವ ಸ್ವಯಂಸೇವಕ ಸಂಘಗಳಿಗೆ ನಾನು ಹೇಳಬೇಕಾದ್ದು ಒಂದೇ ಮಾತು. ಬಾಯ್ಲರ್ ರಿಪೇರಿಗೆ ಅಂದರೆ ದುಡ್ಡೂ ಬರುತ್ತದೆ, ಜನವೂ ಬರುತ್ತಾರೆ. ಹಳಿಯ ಅಡಿಯ ಅಡ್ಡದಿಮ್ಮಿ (ಸ್ಲೀಪರ್) ಬದಲಾಯಿಸೋಣ ಬನ್ನಿ ಅಂದರೆ ಪ್ರತಿ ವಾರ ಅದೇ ಹತ್ತು ಮುಖ. ಇದು ತಲೆಕೆಳಗಾದ ಲೆಕ್ಕ. ಎಂಜಿನ್ ಕೆಟ್ಟರೆ ಇನ್ನೊಂದನ್ನು ಬಾಡಿಗೆಗೆ ತರಬಹುದು. ಹಳಿ ಕೆಟ್ಟರೆ ಎಷ್ಟು ಒಳ್ಳೆ ಎಂಜಿನ್ ತಂದರೂ ಓಡಿಸುವ ಹಾಗಿಲ್ಲ.

ವೇಲ್ಸ್‌ನ ಟಾಲಿಲಿನ್ ರೈಲ್ವೆಯನ್ನೇ ನೋಡಿ. ಜಗತ್ತಿನಲ್ಲೇ ಮೊದಲ ಬಾರಿಗೆ ಸ್ವಯಂಸೇವಕರು ಉಳಿಸಿಕೊಂಡ ಮಾರ್ಗ ಅದು. 1951ರ ಮೇ ತಿಂಗಳಲ್ಲಿ ಅವರು ರೈಲು ಓಡಿಸಲು ಶುರು ಮಾಡಿದಾಗ ಸ್ಲೀಪರ್‌ಗಳು ಕೊಳೆತಿದ್ದವು, ಎಷ್ಟೋ ಕಡೆ ಹಳಿಯನ್ನು ಹಿಡಿದುಕೊಂಡಿದ್ದದ್ದು ಮಣ್ಣು ಮತ್ತು ಹುಲ್ಲಿನ ಬೇರು. ಪಕ್ಕದ ಕೋರಿಸ್ ರೈಲ್ವೆಯಿಂದ ಕೊಂಡು ತಂದ ಮೂರನೇ ನಂಬರಿನ ಎಂಜಿನ್ ಮತ್ತೆ ಮತ್ತೆ ಹಳಿ ತಪ್ಪುತ್ತಿತ್ತು. ಎರಡೂ ಮಾರ್ಗಗಳ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಒಂದೇ, 2 ಅಡಿ 3 ಇಂಚು. ಆ ಅಂತರವನ್ನು ಅಳೆದು ನೋಡಿದಾಗ ಕಾರಣ ಸಿಕ್ಕಿತು: ಹಳಿ ಸುಮಾರು ಅರ್ಧ ಇಂಚು ಅಗಲವಾಗಿ ಕೂತಿತ್ತು. ಟಾಲಿಲಿನ್‌ನ ಹಳೆಯ ಎರಡು ಎಂಜಿನ್‌ಗಳ ಚಕ್ರದಲ್ಲಿ ಹಳಿಯ ಮೇಲೆ ಉರುಳುವ ಪಟ್ಟಿ ಅಗಲವಾಗಿದ್ದರಿಂದ ಅವು ಹೇಗೋ ನಿಭಾಯಿಸುತ್ತಿದ್ದವು. ಹೊಸದಾಗಿ ಬಂದದ್ದರ ಪಟ್ಟಿ ಕಿರಿದು, ಅದು ಒಳಗೆ ಬೀಳುತ್ತಿತ್ತು. ದೋಷ ಹಳಿಯದು, ಕೆಟ್ಟ ಹೆಸರು ಎಂಜಿನ್‌ಗೆ.

ಈಗ ಕೆಲಸದ ವಿಷಯ. ಬ್ರಿಟನ್ನಿನ ಸ್ಟ್ಯಾಂಡರ್ಡ್ ಗೇಜ್ (4 ಅಡಿ 8½ ಇಂಚು) ಪಾರಂಪರಿಕ ಮಾರ್ಗಗಳಲ್ಲಿ ಹೆಚ್ಚಾಗಿ ಕಾಣುವುದು ಚಪ್ಪಟೆ ಅಡಿಯಿಲ್ಲದ ಬುಲ್‌ಹೆಡ್ ಹಳಿ. ಸ್ಲೀಪರ್‌ಗೆ ಸ್ಕ್ರೂ ಹಾಕಿದ ಬೀಡುಕಬ್ಬಿಣದ ಚೇರ್ (ಹಳಿಯನ್ನು ಹಿಡಿಯುವ ಆಸರೆ), ಚೇರ್‌ನೊಳಗೆ ಹಳಿ, ಹಳಿಯ ಹೊರಮಗ್ಗುಲಲ್ಲಿ ಬಿಗಿದ ಮರದ ಬೆಣೆ, ಅಂದರೆ ಕೀ. ಗಜಕ್ಕೆ 95 ಪೌಂಡ್ ತೂಗುವ 60 ಅಡಿಯ ಒಂದು ಹಳಿ ಅಂದರೆ ಸುಮಾರು 860 ಕೆ.ಜಿ. ಅಷ್ಟುದ್ದಕ್ಕೆ 24 ಸ್ಲೀಪರ್ ಅಂತ ಹಿಡಿದರೆ ಒಂದು ಮೈಲಿಗೆ 2,112 ಸ್ಲೀಪರ್. ಒಂದು ಮರದ ಸ್ಲೀಪರ್ 25 ವರ್ಷ ಬಾಳಿಕೆ ಬಂತು ಅಂದುಕೊಳ್ಳಿ, ಆಗ ಮೈಲಿಗೆ ವರ್ಷಕ್ಕೆ 84 ಬದಲಾಗಲೇಬೇಕು. ಹತ್ತು ಮೈಲಿಯ ಮಾರ್ಗಕ್ಕೆ 840ಕ್ಕೂ ಹೆಚ್ಚು. ವರ್ಷಕ್ಕೆ 300 ಹಾಕಿ "ಈ ಸಲ ಒಳ್ಳೆ ಕೆಲಸ ಆಯ್ತು" ಅನ್ನುವ ಸಂಘ ಹಿಂದಕ್ಕೆ ಹೋಗುತ್ತಿದೆ. ವಾರ್ಷಿಕ ಸಭೆಯಲ್ಲಿ ಮೊದಲು ಕೇಳಬೇಕಾದ ಅಂಕಿ ಇದು.

ಆದರೆ ಹೊಸ ಸ್ಲೀಪರ್ ತರುವ ಮುಂಚೆ ಹಳೆಯದು ಯಾಕೆ ಕೊಳೆಯಿತು ಅಂತ ನೋಡಿ. ಹಳಿಯ ಜಾಯಿಂಟಿನ ಹತ್ತಿರ ಕೂತು ನೋಡಿದರೆ ಗೊತ್ತಾಗುತ್ತದೆ. ಜಲ್ಲಿಯ ಮೇಲೆ ಬೂದು ಬಣ್ಣದ ಕೆಸರು ಒಣಗಿ ಹೆಪ್ಪುಗಟ್ಟಿರುತ್ತದೆ, ಹಳಿಯ ಪಕ್ಕಕ್ಕೂ ಸಿಡಿದಿರುತ್ತದೆ. ಸ್ಲೀಪರ್‌ನ ತುದಿಯಲ್ಲಿ ಜಲ್ಲಿಗೂ ಮರಕ್ಕೂ ನಡುವೆ ಬೆರಳ ತುದಿ ಹೋಗುವಷ್ಟು ಸಂದಿ. ಚಕ್ರ ಬಂದಾಗ ಸ್ಲೀಪರ್ ಕೆಳಗೆ ಕೂರುತ್ತದೆ, ಹೋದಾಗ ಮೇಲೇಳುತ್ತದೆ, ಪ್ರತಿ ಸಲವೂ ಪಂಪಿನ ಹಾಗೆ ಕೆಳಗಿನ ಮಣ್ಣನ್ನು ನೀರಿನ ಜೊತೆ ಮೇಲಕ್ಕೆ ಎಳೆಯುತ್ತದೆ. ಆ ಕೆಸರು ಜಲ್ಲಿಯ ಸಂದುಗಳನ್ನು ತುಂಬುತ್ತದೆ, ಆಮೇಲೆ ಬಿದ್ದ ಮಳೆ ಅಲ್ಲೇ ನಿಲ್ಲುತ್ತದೆ. ಇಂಥ ಕಡೆ ಎಷ್ಟು ಸಲ ಪ್ಯಾಕ್ ಮಾಡಿದರೂ (ಸ್ಲೀಪರ್ ಅಡಿಗೆ ಜಲ್ಲಿ ತುರುಕಿ ಬಿಗಿ ಮಾಡಿದರೂ) ಜಾಯಿಂಟ್ ಮತ್ತೆ ಕುಸಿಯುತ್ತದೆ. ಕೆಸರಾದ ಜಲ್ಲಿಯನ್ನು ಪೂರ್ತಿ ಅಗೆದು ತೆಗೆಯಬೇಕು, ಪಕ್ಕದ ಚರಂಡಿ ಬಿಡಿಸಿ ನೀರಿಗೆ ಹೊರದಾರಿ ಮಾಡಬೇಕು, ಆಮೇಲೆ ಹೊಸ ಜಲ್ಲಿ. ಸುಮಾರು 30ರಿಂದ 50 ಮಿ.ಮೀ. ಗಾತ್ರದ, ಚೂಪು ಮೂಲೆಗಳಿರುವ ಗಟ್ಟಿ ಕಲ್ಲೇ ಬೇಕು. ಹೊಳೆಯ ಉರುಟು ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಸುಣ್ಣಕಲ್ಲು ಅಗ್ಗಕ್ಕೆ ಸಿಕ್ಕರೂ ಸವೆದು ತಾನೇ ಕೆಸರಾಗುತ್ತದೆ.

ಸ್ಲೀಪರ್ ಬದಲಾಯಿಸುವಾಗ ಅಕ್ಕಪಕ್ಕದ ಎರಡನ್ನು ಒಂದೇ ಸಲ ಬಿಚ್ಚಬಾರದು. ಒಂದು ಮಗ್ಗುಲಿನ ಜಲ್ಲಿಯನ್ನು ಸ್ಲೀಪರ್‌ನ ತಳಕ್ಕಿಂತ ಸ್ವಲ್ಪ ಕೆಳಗಿನವರೆಗೆ ತೆಗೆಯಿರಿ, ಕೀ ಹೊಡೆದು ಬಿಡಿಸಿ, ಚೇರ್‌ನ ಸ್ಕ್ರೂ ಬಿಚ್ಚಿ, ಜ್ಯಾಕ್ ಕೊಟ್ಟು ಹಳಿಯನ್ನು ಚೇರ್ ಹೊರಬರುವಷ್ಟು ಮಾತ್ರ ಎತ್ತಿ, ಸ್ಲೀಪರನ್ನು ಪಕ್ಕಕ್ಕೆ ಎಳೆದುಕೊಳ್ಳಿ. ಹೊಸಬರು ಎಡವುವುದು ಜ್ಯಾಕ್‌ನಲ್ಲೇ. ಜಾಸ್ತಿ ಎತ್ತಿದರೆ ಅಕ್ಕಪಕ್ಕದ ಸ್ಲೀಪರ್‌ಗಳೂ ಮೇಲೇಳುತ್ತವೆ, ಅವುಗಳ ಅಡಿಗೆ ಜಲ್ಲಿ ಉರುಳುತ್ತದೆ, ಇಳಿಸಿದಾಗ ಹಳಿಯಲ್ಲಿ ದಿಬ್ಬ ನಿಂತಿರುತ್ತದೆ. ಒಂದು ಸ್ಲೀಪರ್ ಸರಿಮಾಡಲು ಹೋಗಿ ನಾಲ್ಕನ್ನು ಕೆಡಿಸಿದ ಹಾಗೆ.

ದಿಬ್ಬ, ತಗ್ಗು ಕಣ್ಣಿಗೆ ಕಾಣುತ್ತವೆ. ಕಾಣದೆ ಕಾಡುವುದು ತಿರುಚು. ಎರಡು ಹಳಿಗಳ ಮಟ್ಟದ ವ್ಯತ್ಯಾಸವನ್ನು ಒಂದು ಕಡೆ ಅಳೆದು, 3 ಮೀಟರ್ ಮುಂದೆ ಮತ್ತೆ ಅಳೆಯಿರಿ. ಎರಡು ಅಳತೆಗಳ ನಡುವೆ 15 ಮಿ.ಮೀ. ಅಂತರ ಬಂದರೆ ತಿರುಚು 200ಕ್ಕೆ 1. ಅದು ಹೆಚ್ಚಿದಷ್ಟೂ ಬಿಗಿ ಚೌಕಟ್ಟಿನ ಹಳೆಯ ವ್ಯಾಗನ್ನಿನ ಒಂದು ಚಕ್ರದ ಮೇಲಿನ ಭಾರ ಇಳಿಯುತ್ತಾ ಹೋಗುತ್ತದೆ, ಹಗುರಾದ ಚಕ್ರದ ಅಂಚು ಹಳಿಯ ಮೇಲೆ ಹತ್ತುತ್ತದೆ. ಕಣ್ಣಳತೆಯನ್ನು ನಂಬಬೇಡಿ, ಮಟ್ಟ ಅಳೆಯುವ ಸಾಧನ ಇಟ್ಟು ಅಂಕಿ ಬರೆದುಕೊಳ್ಳಿ.

ಬೇಸಿಗೆ ಬರುವ ಮುಂಚೆ ವರ್ಷಕ್ಕೊಮ್ಮೆ, ಜಾಯಿಂಟಿನಲ್ಲಿ ಎರಡು ಹಳಿಗಳನ್ನು ಜೋಡಿಸುವ ಫಿಶ್‌ಪ್ಲೇಟ್ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚುವುದು ಯಾರಿಗೂ ಇಷ್ಟವಿಲ್ಲದ ಕೊಳಕು ಕೆಲಸ. ಆದರೂ ಬಿಡಬೇಡಿ. 60 ಅಡಿ ಹಳಿ 30 ಡಿಗ್ರಿ ಬಿಸಿಯೇರಿದರೆ 6 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಉದ್ದವಾಗುತ್ತದೆ. ಜಾಯಿಂಟ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಆ ಉದ್ದಕ್ಕೆ ಜಾಗವಿಲ್ಲ, ಹಳಿ ಪಕ್ಕಕ್ಕೆ ಬಾಗುತ್ತದೆ. ಬಿಚ್ಚಿದಾಗಲೇ ಬೋಲ್ಟ್ ತೂತಿನ ಸುತ್ತ ಬಿರುಕು ಇದೆಯೇ ಅಂತಲೂ ನೋಡಬಹುದು. ಬಿಸಿಲಿನ ದಿನಗಳಲ್ಲಿ ಮರದ ಕೀ ಒಣಗಿ ಕುಗ್ಗಿ ಉದುರುತ್ತವೆ, ಆಗ ಸುತ್ತಿಗೆ ಹಿಡಿದು ಮಾರ್ಗ ನಡೆಯುವವರು ಬೇಕೇ ಬೇಕು. ಅಂಥ ಬಿಸಿಲಲ್ಲಿ ಜಲ್ಲಿ ಅಗೆಯುವ ಕೆಲಸ ಮಾತ್ರ ಇಟ್ಟುಕೊಳ್ಳಬೇಡಿ, ಹಳಿ ಬಾಗದಂತೆ ಹಿಡಿದಿರುವುದೇ ಆ ಜಲ್ಲಿ.

ಕಾಂಕ್ರೀಟ್ ಸ್ಲೀಪರ್ ಹಾಕಿದರೆ ಪರಂಪರೆ ಕೆಟ್ಟಿತು ಅನ್ನುವವರ ಜೊತೆ ನನಗೆ ಸಹಮತವಿಲ್ಲ. ನಿಲ್ದಾಣದ ಒಳಗೆ, ಜನ ನಿಂತು ನೋಡುವ ಕಡೆ ಮರ ಮತ್ತು ಚೇರ್ ಇರಲಿ. ಊರಾಚೆ ಕಾಡಿನ ನಡುವೆ, ನೆರಳಿಗೆ ಮರದ ಸ್ಲೀಪರ್ ಬೇಗ ಕೊಳೆಯುವ ಕಡೆ, ಕಾಂಕ್ರೀಟ್ ಹಾಕಿ ಆ ದುಡಿಮೆಯನ್ನು ಬೇರೆ ಕಡೆ ತೊಡಗಿಸುವುದೇ ಸರಿ. ಹಾಕುವುದಾದರೆ ಒಂದಷ್ಟು ಉದ್ದ ಪೂರ್ತಿ ಹಾಕಿ. ಮರದ ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಕಾಂಕ್ರೀಟ್ ತೂರಿಸಿದರೆ ಗಟ್ಟಿ ಇರುವುದೇ ಭಾರವೆಲ್ಲ ಹೊತ್ತು ಒಡೆಯುತ್ತದೆ. ಒಂದು ಕಾಂಕ್ರೀಟ್ ಸ್ಲೀಪರಿನ ತೂಕ 250 ಕೆ.ಜಿ. ದಾಟುತ್ತದೆ, ಕೈಯಿಂದ ಎತ್ತುವ ಮಾತೇ ಇಲ್ಲ, ಕ್ರೇನ್ ಗೊತ್ತು ಮಾಡಿಕೊಂಡೇ ತರಿಸಿ.

ಹೊಸದಾಗಿ ಹಾಕಿದ ಜಾಗದಲ್ಲಿ ಮೊದಲ ರೈಲು ನಡಿಗೆಯ ವೇಗದಲ್ಲಿ ಹೋಗಲಿ. ಒಬ್ಬರು ಸುರಕ್ಷಿತ ದೂರದಲ್ಲಿ ನಿಂತು ಯಾವ ಸ್ಲೀಪರ್ ಕುಣಿಯುತ್ತದೆ ಅಂತ ನೋಡಿ ಗುರುತು ಹಾಕಿಕೊಳ್ಳಲಿ. ಕೆಲವು ದಿನ ರೈಲು ಓಡಿ ಜಲ್ಲಿ ಕೂತ ಮೇಲೆ ಮತ್ತೆ ಮಟ್ಟ ಅಳೆದು, ಗುರುತು ಹಾಕಿದ ಕಡೆ ಪ್ಯಾಕ್ ಮಾಡಿ, ಫಿಶ್‌ಪ್ಲೇಟಿನ ನಾಲ್ಕೂ ಬೋಲ್ಟ್ ಬಿಗಿ ಮಾಡಿ. ವೇಗದ ಮಿತಿಯ ಫಲಕ ಕೀಳುವುದು ಅದಾದ ಮೇಲೆ.