ಸ್ಪಷ್ಟನೆ: ಧೂಳಿನ ದಾರಿಯ ಕಾರಿಗೆ ಕಾಗದದ ಏರ್ ಫಿಲ್ಟರೇ ಸರಿ

‘ಕಲಬುರಗಿ ಧೂಳಿಗೆ ಕಂಪನಿಯ ಕಾಗದದ ಏರ್ ಫಿಲ್ಟರ್ ಸಾಲದು, ತೊಳೆದು ಎಣ್ಣೆ ಹಚ್ಚುವ ಹತ್ತಿ ಫಿಲ್ಟರ್ ಹಾಕಿಸಿ, ಮೈಲೇಜೂ ಏರುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಏರ್ ಫಿಲ್ಟರ್ ಎಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಭಾಗ. ಹತ್ತಿ ಫಿಲ್ಟರಿನ ಉದ್ದೇಶವೇ ಹೆಚ್ಚು ಗಾಳಿ ಬಿಡುವುದು. ಸಾಮಾನ್ಯವಾಗಿ ಸಣ್ಣ ಧೂಳನ್ನು ಹಿಡಿಯುವುದರಲ್ಲಿ ಮಡಚಿದ ಕಾಗದದ ಫಿಲ್ಟರೇ ಮೇಲು. ವಾಡಿ, ಸೇಡಂ ಕಡೆಯ ಸಿಮೆಂಟ್ ಲಾರಿಗಳ ಹಿಂದೆ, ಶಹಾಬಾದಿನ ಕಲ್ಲು ಕೊಯ್ಯುವ ಘಟಕಗಳ ಪಕ್ಕ ಏಳುವುದು ಹಿಟ್ಟಿನಂಥ ಧೂಳು. ಅದು ಒಳಹೊಕ್ಕು ಎಂಜಿನ್ ಆಯಿಲ್ ಜೊತೆ ಸೇರಿದರೆ ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆ ಸವೆಯುತ್ತವೆ. ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರ್ ಮೇಲೂ ಕೂರಬಹುದು.

ಮೈಲೇಜ್ ವಿಷಯ: ಫ್ಯುಯೆಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಿನಲ್ಲಿ ಕಂಪ್ಯೂಟರೇ ಗಾಳಿಗೆ ತಕ್ಕಷ್ಟು ಇಂಧನ ಬಿಡುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಪಿಕಪ್ ಕುಗ್ಗುತ್ತದೆ, ಮೈಲೇಜ್ ಅಷ್ಟಾಗಿ ಬದಲಾಗದು. ಫಿಲ್ಟರ್ ಕಟ್ಟಿದರೆ ಮೈಲೇಜ್ ಇಳಿಯುತ್ತದೆ ಎಂಬುದು ಕಾರ್ಬ್ಯುರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಹಳೆಯ ಸಾಧನ) ಕಾಲದ ಮಾತು, ಈಗ ಹೊಂದುವುದಿಲ್ಲ.

ಧೂಳು ತೆಗೆಯಲೆಂದು ಫಿಲ್ಟರಿಗೆ ವಾರಕ್ಕೊಮ್ಮೆ ಏರ್ ಹೊಡೆಸುವುದನ್ನೂ ದಯವಿಟ್ಟು ಬಿಡಿ. ಜೋರು ಗಾಳಿಗೆ ಕಾಗದ ಸೂಕ್ಷ್ಮವಾಗಿ ಹರಿಯಬಹುದು, ಅದು ಕಣ್ಣಿಗೂ ಕಾಣದು. ತುಸು ಧೂಳು ಕೂತ ಕಾಗದ ಹೊಸದಕ್ಕಿಂತ ಚೆನ್ನಾಗಿಯೇ ಸೋಸುತ್ತದೆ.

ಕಾರಿನ ಕೈಪಿಡಿಯಲ್ಲಿ ಧೂಳಿನ ಪ್ರದೇಶಕ್ಕೆ ಬೇರೆ ಅವಧಿ ಕೊಟ್ಟಿದ್ದರೆ ಅದರಂತೆ ಬೇಗ ಬದಲಿಸಿ. ತೊಗರಿ ರಾಶಿ ಕಾಲದಲ್ಲಿ ಹೊಲದ ದಾರಿ ತುಳಿಯುವವರು ನಡುವೆ ತೆಗೆಸಿ ನೋಡಿ. ಹಾಕುವಾಗ ರಬ್ಬರ್ ಅಂಚು, ಡಬ್ಬಿಯ ಕ್ಲಿಪ್ಪು ಗಟ್ಟಿಯಾಗಿ ಕೂತಿರಲಿ. ಫಿಲ್ಟರ್ ದಾಟಿದ ಪೈಪಿನೊಳಗೆ ಬೆರಳಾಡಿಸಿದಾಗ ಧೂಳು ಸಿಕ್ಕರೆ ಸೋರಿಕೆ ಇದೆ ಎಂದರ್ಥ.